ಎತ್ತಲ್ಲ ಅಂದವಳು

ಕಣ್ಣಿಗೆ ಹನಿ ಹಾಕಿಸಿಕೊಂಡು ಆಸ್ಪತ್ರೆಯ ಹಜಾರದಲ್ಲಿ ಕೂತಿದ್ದ ದರ್ಜಿಗೆ ಎದುರಿನದೆಲ್ಲ ಮಂಜುಮಂಜಾಗಿತ್ತು. ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕ ಮತ್ತು ಅವನ ಮಗಳು ಮಾತಾಡುತ್ತಿದ್ದರು.

“ಮಾಲೀಕರ ಎದುರಿಗೇ ಹೇಳಿದ್ಯಾ?”

“ಹೂಂ ಅಪ್ಪ. ಕ್ರೇನಿಂದ ಇಳಿದು ಬಂದು, ‘ಉಕ್ಕಿನ ಹಗ್ಗದ ಎಳೆ ಕಿತ್ತಿದೆ, ನಾನು ಎತ್ತಲ್ಲ’ ಅಂದೆ.”

“ಸಾರ್ ಅಂತಾದ್ರೂ ಸೇರಿಸಿದ್ಯಾ?”

“ಆಮೇಲೆ ಸೇರಿಸ್ದೆ.”

ಮುದುಕ ನಕ್ಕ. “ಕೆಲಸ ಹೋಗಿದ್ರೆ?”

“ಹೋದ್ರೆ ಹೋಗ್ಲಿ ಅಂತಾನೇ ಬಾಯಿ ಬಿಟ್ಟೆ. ಕೆಳಗೆ ಹನ್ನೊಂದು ಜನ ನಿಂತಿದ್ರು. ಮಾತು ನಡುಗ್ಲಿಲ್ಲ.”

“ಅವರೇನಂದ್ರು?”

“ಮಾಲೀಕರ ಜೊತೆಗಿದ್ದ ಇಂಜಿನಿಯರ್ ಮೊದಲು ಎಗರಾಡಿದ್ರು. ಹಗ್ಗ ಬಿಚ್ಚಿಸಿ ನೋಡಿದ್ಮೇಲೆ ತೆಪ್ಪಗಾದ್ರು. ಇವತ್ತು ಹೊಸದು ಬಂತು.”

ಮುದುಕ ದನಿ ತಗ್ಗಿಸಿದ.

“ಕ್ರೇನ್ ಕೆಲಸದಲ್ಲಿದ್ದಾಗ ನಾನೂ ಒಂದ್ಸಲ ಹೇಳಿದ್ದೆ ಕಣೆ. ‘ಹಗ್ಗ ಒಂಚೂರು ನೋಡಬಹುದಿತ್ತೇನೋ ಸಾರ್’ ಅಂತ ಗೊಣಗಿದ್ದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಜೊತೆಗಾರನ ಕಾಲು ಹೋಯ್ತು.”

“ಗೊತ್ತಪ್ಪ. ಅದನ್ನ ಕೇಳ್ಕೊಂಡೇ ಅಲ್ವಾ ನಾನು ಬೆಳೆದಿದ್ದು?”

ಅಷ್ಟರಲ್ಲಿ ನರ್ಸ್ ಮುದುಕನ ಸರದಿ ಕೂಗಿದಳು. “ತಾತ, ಜೊತೆಗೆ ಯಾರು ಬಂದಿದಾರೆ?”

“ನನ್ನ ಮಗಳು! ಕ್ರೇನ್ ನಡೆಸ್ತಾಳೆ!” ಎಂದ ಮುದುಕ, ಇಡೀ ಹಜಾರಕ್ಕೆ ಕೇಳುವ ಹಾಗೆ.

“ಅಪ್ಪಾ, ಮೆಲ್ಲಗೆ!”

“ಯಾಕೆ ಮೆಲ್ಲಗೆ?” ಎನ್ನುತ್ತ ಅವನು ಮಗಳ ತೋಳು ಹಿಡಿದು ಒಳಗೆ ನಡೆದ.

ಅವರಿಗೆ ದಾರಿ ಬಿಡಲೆಂದು ಎದ್ದ ದರ್ಜಿ, ಬಾಗಿಲು ಮುಚ್ಚಿಕೊಳ್ಳುವವರೆಗೂ ನಿಂತೇ ಇದ್ದ.