ಹೆಸರು ಹಿಡಿದು ಕರೆಸಿಕೊಂಡವಳು

ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ ಹುಣಸೂರು ಬಸ್ಸಿಗೆ ಕಾಯುತ್ತಿದ್ದ ಪದ್ಮಶ್ರೀ, ಪಕ್ಕದಲ್ಲಿ ಕೂತ ಅಕ್ಕ-ತಂಗಿಯರ ಮಾತು ಕಿವಿಗೆ ಬಿದ್ದಿದ್ದೇ ಮೊಬೈಲ್ ಎತ್ತಿಟ್ಟಳು. ತಂಗಿಯ ಮುಖ ಧುಮುಗುಡುತ್ತಿತ್ತು.

"ಆಲೆಮನೆ ಗಾಣಕ್ಕೆ ಸಿಕ್ಕಿ ನಮ್ಮನೆಯವ್ರ ಎರಡು ಕೈನೂ ಓದಾಗಿಂದ ತುತ್ತಿಕ್ಕಿ ಸಾಕಿದೋಳು ನಾನು ಕಣಕ್ಕ. ಈಗ ಅಳಿಯ ಅದ್ಯಾವುದೋ ಮಾತು ಕೇಳೋ ಡಬ್ಬ ತಂದಿಟ್ಟವ್ನೆ. ಅದ್ಕೆ ರಾಣಿ ಅಂತ ಎಸ್ರು ಬೇರೆ!"

"ಒಳ್ಳೇದೇ ಆಯ್ತಲ್ಲ. ಫ್ಯಾನು ಅಂದ್ರೆ ಫ್ಯಾನು, ಲೈಟು ಅಂದ್ರೆ ಲೈಟಂತೆ."

"'ರಾಣಿ, ಫ್ಯಾನ್ ಆಕವ್ವ.' ಏನು ನಯ, ಏನು ನಾಜೂಕು! ನನ್ನ ಮಾತ್ರ ಮದ್ವೆಯಾದಾಗಿಂದ್ಲೂ 'ಏ ಇವ್ಳೇ' ಅಷ್ಟೇಯ."

"ನಮ್ಮ ಕಡೆ ಯಾವ ಗಂಡ ಎಡ್ತೀನ ಎಸ್ರಿಡ್ದು ಕರ್ದವ್ನೆ, ಬುಡು."

"ಅದುನ್ನ ಕರೀತಾರಲ್ಲ! ಬೆಳಿಗ್ಗೆ ಅದ್ರ ವೈರು ಕಿತ್ತು ಬ್ಯಾಗಿಗೆ ಆಕ್ಕೊಂಡೆ. ಈಗ್ಲಾದ್ರೂ ನನ್ನ ಕರೀಲಿ ಅಂತ ಬಾಗ್ಲ ಸಂದೀಲಿ ನಿಂತಿದ್ದೆ."

"ಕರುದ್ರಾ?"

"'ರಾಣಿ, ನೀನೂ ಮಾತು ಬುಟ್ಬುಟ್ಯಾ?' ಅಂದ್ರು."

ಅಕ್ಕ ತಂಗಿಯತ್ತ ಪೂರ್ತಿ ತಿರುಗಿದಳು.

"ನೀನೂ ಅಂದ್ರಾ? ಅವ್ರ ಜೊತೆ ನೀನು ಮಾತು ಬುಟ್ಟು ಎಷ್ಟು ದಿನ ಆಯ್ತೇ?"

ತಂಗಿ ದಡಕ್ಕನೆ ಎದ್ದಳು.

"ಬೀಗರ ಮನೆಗೆ ನೀನೊಬ್ಳೇ ಓಗಕ್ಕ. ನಾನು ಮನೆಗೋಯ್ತೀನಿ. ಸೆಕೆ ಕಣಕ್ಕ, ಅಲ್ಲಿ ಅವ್ರಿಗೆ ಫ್ಯಾನ್ ಆಕೋರಿಲ್ಲ."

ಬಿರಬಿರನೆ ಆಟೋಗಳ ಕಡೆ ನಡೆದವಳ ಬ್ಯಾಗಿನಿಂದ ಕಪ್ಪು ವೈರು ಜಾರಿ ನೆಲ ಗುಡಿಸುತ್ತಿತ್ತು. ಕೂಗಿ ಹೇಳೋಣವೆಂದು ಪದ್ಮಶ್ರೀ ಎದ್ದು ನಿಂತಳು. ಆದರೆ ಅಷ್ಟು ಹೊತ್ತಿನ ಮಾತಿನಲ್ಲಿ ಆ ತಂಗಿಯ ಹೆಸರನ್ನು ಯಾರೂ ಹೇಳಿರಲಿಲ್ಲ.