ಎಲ್ಲ ಪುಟಕ್ಕೂ ರಜ

ಹಲ್ಲಿನ ಆಸ್ಪತ್ರೆಯಲ್ಲಿ ಒಬ್ಬನೇ ಕೂತಿದ್ದ ದರ್ಜಿ, ಊದಿದ ಕೆನ್ನೆ ಹಿಡಿದುಕೊಂಡೇ ತನ್ನ ಅದೃಷ್ಟಕ್ಕೆ ಬೀಗುತ್ತಿದ್ದ: ಇವತ್ತು ಸರದಿಯೇ ಇಲ್ಲ! ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಅಕ್ಕ-ತಮ್ಮ ಬಾಗಿಲ ಬಳಿ ಲ್ಯಾಪ್‌ಟಾಪ್ ಹಿಡಿದು ಚಡಪಡಿಸುತ್ತಿದ್ದರು.

“ಒಂದೇ ಪಿಎಚ್‌ಪಿ ಕೋಡನ್ನ ಪುಟಪುಟಕ್ಕೂ ಅಂಟಿಸ್ಬೇಡ, ಬೇಸ್ ಕಂಟ್ರೋಲರ್‌ನಲ್ಲಿ ಒಂದ್ಸಲ ಬರೆದ್ರೆ ಎಲ್ಲಾ ಪುಟಕ್ಕೂ ಬರುತ್ತೆ ಅಂದೋಳು ನೀನೇ ಅಲ್ವೇನಕ್ಕಾ?”

“ಎಕ್ಸ್‌ರೇ ಪುಟದ ‘ಇವತ್ತು ರಜ’ ಅನ್ನೋದನ್ನೂ ಅಲ್ಲೇ ಬರಿ ಅಂದಿದ್ನಾ?”

“ಅಯ್ಯೋ! ಹಾಗಾದ್ರೆ ಎಲ್ಲಾ ಪುಟದಲ್ಲೂ...”

“ಬೆಳಗ್ಗೆಯಿಂದ ರಜಾನೇ! ಡಾಕ್ಟ್ರಿಗೆ ಏನಂತ ಹೇಳ್ತೀಯ?”

“ಮೆಲ್ಲಗೆ! ಅಲ್ಲೊಬ್ರು ಕೂತಿದಾರೆ.”

“ನಮ್ ಸೈಟ್ ನೋಡ್ದೆ ಬಂದಿದಾರೆ, ಪುಣ್ಯಾತ್ಮ.”

ಒಳಬಾಗಿಲು ತೆರೆಯಿತು. ಅಕ್ಕ-ತಮ್ಮ ಕಾಲಿಗೆ ಬುದ್ಧಿ ಹೇಳಿದರು. ಡಾಕ್ಟರು ಕೈ ಉಜ್ಜಿಕೊಳ್ಳುತ್ತ ದರ್ಜಿಯತ್ತ ನೋಡಿ ನಕ್ಕರು.

“ಬನ್ನಿ, ಇವತ್ತು ಪುರುಸೊತ್ತಾಗಿ ಒಂದೊಂದೇ ಹಲ್ಲು ನೋಡೋಣ.”