ಬೆನ್ನ ಮೇಲಿನ ಜಿಪ್ಪು

ಸಿನಿಮಾ ಬಿಟ್ಟಿತ್ತು. ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ನಿಂತವರು ಆ ಚಿತ್ರದ ರಾಕ್ಷಸನಿಗೆ ವೇಷ ಹೊಲಿದ ದರ್ಜಿ ಮತ್ತು ಅವರ ಹೆಂಡತಿ ಎಂದು ಮಾತಿನಿಂದಲೇ ತಿಳಿಯಿತು.

“ಬೆನ್ನಿನ ಜಿಪ್ಪು ಕಂಡುಬಿಡ್ತು ಕಣೇ. ಜನ ಬಿದ್ದು ಬಿದ್ದು ನಕ್ಕರು. ಮಾನ ಹೋಯ್ತು.”

“ಜಿಪ್ಪು ಹಾಕಿದ್ದು ನಾನು. ನನ್ನನ್ನ ಬೈಯಿರಿ.”

“ನಿಜ ಹೇಳು, ನಿನಗೆ ಚೂರಾದ್ರೂ ಹೆದರಿಕೆ ಆಯ್ತಾ?”

“ಹಳೇ ಹಾಸಿಗೆಯ ಸ್ಪಂಜು ಅಂತ ಗೊತ್ತು. ಬಣ್ಣ ಬಳಿದು ಒಣಗಿಸಿದ್ದೂ ನಾನೇ. ಆದ್ರೂ ಅದು ನೀರಿಂದ ಎದ್ದು ಉಸಿರು ಬಿಟ್ಟಾಗ... ದೇವರೇ! ಅದಕ್ಕೆ ಜೀವ ಎಲ್ಲಿಂದ ಬಂತು ರೀ?”

“ಒಳಗೆ ನಿನ್ನ ತಮ್ಮ ಇದ್ನಲ್ಲೇ.”

“ನಾನು ಎತ್ತಿ ಆಡಿಸಿದವನು ರೀ ಅವನು. ಅವನಿಗೆ ಹೆದರ್ತೀನಾ? ಅದು ಅವನಲ್ಲ.”

ಬಸ್ ಬಂತು.

“ಇನ್ಮೇಲೆ ಆ ವೇಷಾನ ನಮ್ಮ ಮಂಚದ ಕೆಳಗೆ ಇಡಬೇಡಿ,” ಎಂದು ಆಕೆ ಹತ್ತಿದರು.

ದರ್ಜಿ ಎದೆಯುಬ್ಬಿಸಿ ಹಿಂದೆಯೇ ಹತ್ತಿದರು.